ಆಮೆ ಮೇಷ್ಟ್ರು

ಹೋದ ತಿಂಗಳು ಪಾವಗಡದ ಸಂತೆಯಲ್ಲಿ ಬೆಲ್ಲದಂಗಡಿಯ ಮುಂದೆ ನಿಂತಿದ್ದಾಗ ಪಕ್ಕದಲ್ಲಿ ಇಬ್ಬರು ಮಾತಾಡಿಕೊಳ್ಳುತ್ತಿದ್ದುದು ಕಿವಿಗೆ ಬಿತ್ತು. ಆಮೆ ಮೇಷ್ಟ್ರು ಶಿರಾದಲ್ಲಿ ತೀರಿಕೊಂಡರಂತೆ ಎಂದ ಒಬ್ಬ. ಯಾರು, ಆ ಆಮೆ ತಿಂದವರಾ ಎಂದ ಇನ್ನೊಬ್ಬ. ಅವರೇ ಎಂದು ಮೊದಲನೆಯವನು ತಲೆಯಾಡಿಸಿದ. ಇಬ್ಬರೂ ಸಣ್ಣಗೆ ನಕ್ಕರು. ಕೆಟ್ಟ ನಗುವೇನಲ್ಲ, ಹಳೆಯ ಕತೆಯೊಂದು ನೆನಪಾದಾಗ ಬರುವ ನಗು. ನಾನು ಬೆಲ್ಲ ಕೊಳ್ಳದೆ ಮನೆಗೆ ಬಂದುಬಿಟ್ಟೆ.

ಆ ಹೆಸರು ಮೇಷ್ಟ್ರಿಗೆ ಎರಡು ಸಲ ಬಂತು. ಮೊದಲ ಸಲ ಅಕ್ಕರೆಯಿಂದ, ಎರಡನೆಯ ಸಲ ಹಂಗಿಸುವುದಕ್ಕೆ. ಎರಡು ಸಲವೂ ನಾನು ಪಕ್ಕದ ಮನೆಯಲ್ಲೇ ಇದ್ದೆ.

ನಾನು ಕೊಳಾಲದವಳು. ಮದುವೆಯಾಗಿ ಪಾವಗಡಕ್ಕೆ ಬಂದಾಗ ಇಲ್ಲಿನ ನೀರೇ ನನಗೆ ಒಗ್ಗಲಿಲ್ಲ. ಕುಡಿದರೆ ಬಾಯಾರಿಕೆ ಹೆಚ್ಚುತ್ತಿತ್ತು, ಬೇಳೆ ಬೇಯುತ್ತಿರಲಿಲ್ಲ. ಕೋಟೆ ಬುಡದ ಬೀದಿಯಲ್ಲಿ ನಮ್ಮದು ಒಕ್ಕಲು ಮನೆ. ಗೋಡೆಗೆ ಗೋಡೆ ಸೇರಿದಂತೆ ಮೇಷ್ಟ್ರ ಮನೆ. ಅವರು ಲಿಂಗ ಕಟ್ಟಿದವರು, ನಾವು ಹಬ್ಬಕ್ಕೆ ಕುರಿ ಕಡಿಯುವವರು. ಆದರೂ ನಡುವಿನ ಗೋಡೆ ಎದೆಯುದ್ದಕ್ಕಷ್ಟೇ ಇತ್ತು. ಅದರ ಮೇಲೆ ಅತ್ತಲಿಂದ ಮಜ್ಜಿಗೆ ಬರುತ್ತಿತ್ತು, ಇತ್ತಲಿಂದ ಅವರೇಕಾಯಿ ಹೋಗುತ್ತಿತ್ತು. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗೆ ಓದುಬರಹ ಕಲಿಸಿದವಳು ಆಕೆ, ಆ ಗೋಡೆಯ ಮೇಲೆಯೇ ಸ್ಲೇಟು ಇಟ್ಟುಕೊಂಡು. ಇದನ್ನು ಬರೆಯುತ್ತಿರುವ ಕೈ ಅವಳು ತಿದ್ದಿದ್ದು.

ಮೇಷ್ಟ್ರು ಎತ್ತರದ ಆಳು. ಕುತ್ತಿಗೆ ಸ್ವಲ್ಪ ಮುಂದಕ್ಕೆ ಚಾಚಿ ನಡೆಯುತ್ತಿದ್ದರು. ಸ್ಕೂಲಿಗೆ ಹೊರಟಾಗ ಕಪ್ಪು ಕೋಟು, ಪೇಟ, ಹಣೆಯಲ್ಲಿ ವಿಭೂತಿ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಸಂಜೆ ಬರುವಾಗ ಪಂಚೆಯ ಅಂಚು ಕೆಸರು, ಕೋಟಿನ ಜೇಬಿನಲ್ಲಿ ಬಸವನಹುಳುವಿನ ಚಿಪ್ಪು, ಒಣಗಿದ ಜಂಬುಹುಲ್ಲಿನ ಕಡ್ಡಿ. ಊರ ಬಡಗಣ ದಿಕ್ಕಿನ ಚೌಳು ಕೆರೆಯ ಏರಿ ಸುತ್ತಿಯೇ ಅವರು ಮನೆಗೆ ಬರುತ್ತಿದ್ದುದು. ಅಕ್ಕ ಆ ಜೇಬು ಕೊಡವುತ್ತ, ತನ್ನ ಸವತಿ ಕೆರೆಯಲ್ಲಿದ್ದಾಳೆ, ಬೆನ್ನ ಮೇಲೆ ಚಿಪ್ಪು ಹೊತ್ತುಕೊಂಡು ಇವರಿಗಾಗಿ ಕಾಯುತ್ತಾಳೆ ಎಂದು ನನಗೆ ಕೇಳುವಂತೆ ಹೇಳುತ್ತಿದ್ದಳು. ಮೇಷ್ಟ್ರು ನಗುತ್ತಿದ್ದರು. ನಗುವಾಗ ಬಾಯಿ ಮುಚ್ಚಿಕೊಳ್ಳುವುದು ಅವರ ಅಭ್ಯಾಸ.

ಆ ಕೆರೆಯ ನೀರು ಮಳೆಗಾಲದಲ್ಲಿ ಸಪ್ಪೆಯಾಗಿರುತ್ತಿತ್ತು. ಶಿವರಾತ್ರಿ ಕಳೆದು ನೀರು ಇಳಿದಂತೆಲ್ಲ ಉಪ್ಪಾಗುತ್ತ ಹೋಗಿ, ದಡದಲ್ಲಿ ಬೆಳ್ಳಗೆ ಚೌಳು ಕೂರುತ್ತಿತ್ತು. ಅಗಸರು ಆ ಮಣ್ಣನ್ನು ಬಟ್ಟೆ ಒಗೆಯಲೆಂದು ಕೆರೆದು ಒಯ್ಯುತ್ತಿದ್ದರು. ಅಂಥ ನೀರಿನಲ್ಲಿ ಏನು ಬದುಕೀತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಮೇಷ್ಟ್ರು ಒಂದು ಸಂಜೆ ಅಕ್ಕನನ್ನೂ ನನ್ನನ್ನೂ ನಮ್ಮತ್ತೆಯ ಅಪ್ಪಣೆ ಪಡೆದು ಏರಿಗೆ ಕರೆದುಕೊಂಡು ಹೋದರು. ತೂಬಿನ ಹತ್ತಿರದ ಬಂಡೆಯ ಮೇಲೆ ಕಪ್ಪು ಆಮೆಗಳು ಬಿಸಿಲು ಕಾಯಿಸುತ್ತಿದ್ದವು. ಒಂದರ ಮೇಲೊಂದು ಹತ್ತಿ, ಕಾಲು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡು. ನಾವು ಉಸಿರು ಬಿಟ್ಟದ್ದಕ್ಕೇ ಎಲ್ಲವೂ ನೀರಿಗೆ ಬಿದ್ದವು. ಅವಸರ ಮಾಡಬೇಡಿ, ಅವು ನಮ್ಮನ್ನು ನೋಡಿ ಮುಗಿಸಲಿ ಎಂದರು ಮೇಷ್ಟ್ರು. ಕೂತಿದ್ದೆವು. ಹೊತ್ತು ಮುಳುಗುವ ಮುಂಚೆ ಒಂದೊಂದಾಗಿ ಮತ್ತೆ ಬಂಡೆ ಹತ್ತಿದವು.

ಅವರು ಹೇಳುತ್ತಿದ್ದುದು ಪಾಠದಂತೆ ಇರುತ್ತಿರಲಿಲ್ಲ, ನೆಂಟರ ಸುದ್ದಿ ಹೇಳಿದಂತೆ ಇರುತ್ತಿತ್ತು. ಇದು ಪೂರಾ ನೀರಿನದೂ ಅಲ್ಲ, ಪೂರಾ ನೆಲದ್ದೂ ಅಲ್ಲ. ಹಗಲು ನೀರಲ್ಲಿದ್ದು ಸಂಜೆ ದಡಕ್ಕೆ ಬಂದು ಹುಲ್ಲು ಮೇಯುತ್ತದೆ. ಸತ್ತ ಮೀನು, ಕೊಳೆತ ಕಪ್ಪೆ, ಬಸವನಹುಳು ಎಲ್ಲವನ್ನೂ ತಿಂದು ನೀರನ್ನು ಚೊಕ್ಕಟ ಮಾಡುತ್ತದೆ. ಕೆರೆ ಬತ್ತಿದರೆ ಕೆಸರಿನೊಳಗೆ ಹೂತುಕೊಂಡು ಮಳೆ ಬರುವ ತನಕ ಉಪವಾಸ ಮಲಗುತ್ತದೆ. ಮೊದಲ ಮಳೆಗೆ ಹೆಣ್ಣಾಮೆ ಏರಿ ಹತ್ತಿ ಬಂದು, ತನ್ನ ಮೈಯ ನೀರಿನಿಂದಲೇ ಗಟ್ಟಿ ನೆಲವನ್ನು ನೆನೆಸಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಅದರಲ್ಲಿ ಉಡಕ್ಕೆ ಒಂದು ಪಾಲು, ಮುಂಗುಸಿಗೆ ಒಂದು ಪಾಲು, ಉಳಿದದ್ದು ಮರಿ. ಆ ಮರಿಯಲ್ಲೂ ಕೊಕ್ಕರೆಗೆ ಪಾಲು. ಹೊಟ್ಟೆಯ ಚಿಪ್ಪು ತಗ್ಗಾಗಿದ್ದರೆ ಗಂಡು, ಚಪ್ಪಟೆಯಿದ್ದರೆ ಹೆಣ್ಣು ಎಂದು ತಿರುಗಿಸಿ ತೋರಿಸುತ್ತಿದ್ದರು, ನೋಡಿದ ಮೇಲೆ ಎತ್ತಿದ ಜಾಗದಲ್ಲೇ ಬಿಡುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಒಂದಿತ್ತು. ಬೇಸಗೆಯ ಕೊನೆಗೆ ನೀರು ಬಾಯಿಗಿಡಲಾರದಷ್ಟು ಉಪ್ಪಾಗಿರುವಾಗ ಹದಮಳೆ ಬೀಳುತ್ತದಲ್ಲ, ಆಗ ಸಿಹಿನೀರು ಹಗುರಾದ್ದರಿಂದ ಉಪ್ಪುನೀರಿನ ಮೇಲೆ ತೆಳ್ಳಗೆ ಕೆನೆಯ ಹಾಗೆ ನಿಲ್ಲುತ್ತದಂತೆ. ಆಮೆಗಳು ಮೇಲೆ ಬಂದು, ಕುತ್ತಿಗೆ ನೀಡಿ, ಆ ಕೆನೆಯಷ್ಟನ್ನೇ ಕುಡಿಯುತ್ತವಂತೆ. ನಾನೇ ಕೊಡೆ ಹಿಡಿದುಕೊಂಡು ಏರಿಯ ಮೇಲೆ ಕೂತು ಕಂಡಿದ್ದೇನೆ ಎನ್ನುತ್ತಿದ್ದರು. ಹೇಳುವಾಗ ಅವರ ಕುತ್ತಿಗೆಯೂ ಮುಂದೆ ಚಾಚುತ್ತಿತ್ತು. ಆಗಲೇ ಹುಡುಗರು ಅವರಿಗೆ ಆಮೆ ಮೇಷ್ಟ್ರು ಎಂದು ಹೆಸರಿಟ್ಟದ್ದು. ಅವರಿಗೂ ಗೊತ್ತಿತ್ತು, ಬೇಜಾರಿರಲಿಲ್ಲ.

ಮೆತ್ತಗಿನ ಮನುಷ್ಯ ನಿಜ. ಆದರೆ ಒಂದು ಸಲ ಅವರ ಕೋಪ ಕಂಡಿದ್ದೇನೆ. ಒಂದು ಬೇಸಗೆಯಲ್ಲಿ ಆಂಧ್ರದ ಕಡೆಯಿಂದ ಬಂದ ಅಲೆಮಾರಿ ಕುಟುಂಬವೊಂದು ಕೆರೆಯಂಗಳದಲ್ಲಿ ಬಿಡಾರ ಹೂಡಿತು. ಅವರ ಕೈಯಲ್ಲಿ ಚೂಪು ಕಬ್ಬಿಣದ ಸಲಾಕೆ. ಒಣಗಿದ ಕೆಸರಿಗೆ ಚುಚ್ಚುತ್ತ ಹೋಗುವುದು, ಟಣ್ ಎಂದ ಕಡೆ ಅಗೆದು ಆಮೆ ತೆಗೆಯುವುದು. ಮೇಷ್ಟ್ರು ಸ್ಕೂಲಿನ ಹುಡುಗರನ್ನೆಲ್ಲ ಕಟ್ಟಿಕೊಂಡು ಹೋದರು. ಬಾಯಿಲ್ಲದ ಜೀವವನ್ನು ಮಲಗಿದಲ್ಲೇ ಕೊಲ್ಲುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಕೂಗಿದರು. ಆ ಗುಂಪಿನ ಮುದುಕಿ, ಮಕ್ಕಳು ಹಸಿದಿದ್ದಾರೆ ಎಂದು ತೆಲುಗಿನಲ್ಲಿ ಹೇಳಹೋದಳು. ಇವರು ಕೇಳಲಿಲ್ಲ. ಅಮಲ್ದಾರರಿಗೆ ಹೇಳಿ ಓಡಿಸುತ್ತೇನೆ ಎಂದರು. ಅಷ್ಟರಲ್ಲಿ ಹುಡುಗರು ಮಣ್ಣುಹೆಂಟೆ ಎಸೆಯತೊಡಗಿದ್ದರು. ಆ ಜನ ಮರುಮಾತಿಲ್ಲದೆ ಗುಡಿಸಲು ಬಿಚ್ಚಿಕೊಂಡು ಹೋದರು. ಊರಲ್ಲಿ ಎಲ್ಲರೂ ಮೇಷ್ಟ್ರನ್ನು ಹೊಗಳಿದರು. ಅಕ್ಕ ಮಾತ್ರ ಆ ದಿನ ಅವರಿಗೆ ಊಟ ಬಡಿಸುವಾಗ ಮಾತಾಡಲಿಲ್ಲ ಎಂದು ನೆನಪು.

ಅದಾದ ಮೂರನೆಯ ವರ್ಷವೋ ಏನೋ, ಈ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಮುಂಚೆ, ಅಕ್ಕ ಹಾಸಿಗೆ ಹಿಡಿದಳು. ಸಂಕ್ರಾಂತಿಗೆ ಹತ್ತಿದ ಕೆಮ್ಮು ಯುಗಾದಿಯಾದರೂ ಬಿಡಲಿಲ್ಲ. ಸಂಜೆಯಾದರೆ ಜ್ವರ, ಪಕ್ಕೆಯಲ್ಲಿ ನೋವು. ಸ್ಲೇಟು ಹಿಡಿಯಲೂ ಶಕ್ತಿಯಿಲ್ಲದೆ ಕೈ ಕಡ್ಡಿಯಾಯಿತು. ಡಾಕ್ಟರು ಔಷಧಿ ಕೊಟ್ಟರು, ಹಾಲು ತುಪ್ಪ ಹೆಚ್ಚು ಕೊಡಿ ಎಂದರು. ಅವರು ಬಾಯಿಬಿಟ್ಟು ಹೇಳದಿದ್ದರೂ ಇದು ಕ್ಷಯವೆಂದು ಬೀದಿಯಲ್ಲಿ ಎಲ್ಲರೂ ಅಂದುಕೊಂಡರು. ಜನ ಆ ಬಾಗಿಲು ತುಳಿಯುವುದನ್ನು ಬಿಟ್ಟರು. ನಮ್ಮತ್ತೆ ಮಾತ್ರ ಹೋಗಬೇಡವೆಂದು ನನಗೆ ಹೇಳಲಿಲ್ಲ.

ಆಗ ಯಾರೋ ಕರೆದುಕೊಂಡು ಬಂದ ನಾಟಿ ವೈದ್ಯನೊಬ್ಬ ನಾಡಿ ನೋಡಿ, ಇದಕ್ಕೆ ಆಮೆ ಮಾಂಸದ ಕಟ್ಟು ಕುಡಿಸಬೇಕು, ಬೇರೆ ದಾರಿಯಿಲ್ಲ ಎಂದ. ಮೇಷ್ಟ್ರು ಅವನಿಗೆ ತಾಂಬೂಲ ಕೊಟ್ಟು ಕಳಿಸಿಬಿಟ್ಟರು. ಅದರಿಂದ ಏನೂ ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನಮ್ಮ ಯಜಮಾನರ ಹತ್ತಿರ ಹಾಗೆಂದು ಹೇಳಿದ್ದರು ಕೂಡ. ಆದರೆ ಒಳಗೆ ಮಲಗಿದ್ದ ಅಕ್ಕ ವೈದ್ಯನ ಮಾತು ಕೇಳಿಸಿಕೊಂಡಿದ್ದಳು. ಮೂರು ದಿನ ಸುಮ್ಮನಿದ್ದಳು. ನಾಲ್ಕನೆಯ ದಿನ ನಾನು ಅವಳ ತಲೆ ಬಾಚುತ್ತಿದ್ದೆ. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಗೋಡೆಯ ಕಡೆ ಮುಖ ಮಾಡಿಕೊಂಡು ಅವಳು ಹೇಳಿದಳು: 'ನಂಗೆ ಸಾಯಕ್ಕೆ ಇಷ್ಟ ಇಲ್ಲ ಕಣ್ರೀ. ಹೇಳಕ್ಕೆ ನಾಚ್ಕೆ ಆಗ್ತದೆ. ಆದ್ರೂ ಇಷ್ಟ ಇಲ್ಲ.'

ಮೇಷ್ಟ್ರು ಹೊರಗೆ ಹೋದರು.

ಆ ಅಲೆಮಾರಿಗಳನ್ನು ಹುಡುಕಿಕೊಂಡು ಅವರು ಮಡಕಶಿರಾ ದಾರಿಯಲ್ಲಿ ಬಹಳ ದೂರ ಹೋಗಿದ್ದರೆಂದು ಆಮೇಲೆ ತಿಳಿಯಿತು. ತಮ್ಮ ಕೈಯಿಂದ ಆಗದ್ದನ್ನು ಅವರಿಂದ ಮಾಡಿಸಬೇಕೆಂದಿದ್ದರು. ಅವರು ಸಿಕ್ಕಲಿಲ್ಲ. ಒಂದೆರಡು ದಿನ ಕಳೆದು, ಹದಮಳೆ ಬಿದ್ದು ನಿಂತ ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ, ನಮ್ಮ ಹಿತ್ತಿಲ ಬಾಗಿಲು ಸಪ್ಪಳವಾಯಿತು. ತೆಗೆದರೆ ಮೇಷ್ಟ್ರು. ಮೈಮೇಲೆ ಅಂಗವಸ್ತ್ರವಿಲ್ಲ. ಅದನ್ನು ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಡಿದಿದ್ದರು. ಗಂಟು ಮಿಸುಕುತ್ತಿತ್ತು. ಏನೋ ಹೇಳಹೊರಟು ಗಂಟನ್ನು ಮುಂದೆ ಹಿಡಿದರು.

ಒಲೆ ಮುಂದಿದ್ದ ನಮ್ಮತ್ತೆ ಎದ್ದು ಬಂದು ಗಂಟನ್ನು ಅವರ ಕೈಯಿಂದ ತೆಗೆದುಕೊಂಡಳು. 'ಏನೂ ಯೋಳ್ಬ್ಯಾಡಿ ಮೇಷ್ಟ್ರೇ, ನಂಗೆ ಗೊತ್ತಾಯ್ತು. ಬ್ಯಾರೆ ಮಡಕೇಲಿ ಮಾಡ್ಕೊಡ್ತೀವಿ. ನೀವು ಮನೆಗೋಗ್ಬುಡಿ' ಎಂದಳು.

'ಇಲ್ಲಮ್ಮ, ನಾನೇ ತಂದಿದ್ದು. ನಿಂತಿರ್ತೀನಿ' ಎಂದರು ಮೇಷ್ಟ್ರು.

ನಮ್ಮ ಯಜಮಾನರು ಹಿತ್ತಿಲ ಕಲ್ಲಿನ ಮೇಲೆ ಕೆಲಸ ಮುಗಿಸಿದರು. ಮೇಷ್ಟ್ರು ನುಗ್ಗೆಮರ ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಮುಖ ತಿರುಗಿಸಲಿಲ್ಲ. ಹೊಟ್ಟೆಯ ಚಿಪ್ಪು ಬಿಡಿಸಿದಾಗ ಒಳಗೆ ಮೊಟ್ಟೆಗಳಿದ್ದವು. ಉದ್ದುದ್ದನೆಯ, ಬೆಳ್ಳನೆಯ, ಚಿಪ್ಪು ಗಟ್ಟಿಯಾದ ಮೊಟ್ಟೆಗಳು. ಯಜಮಾನರ ಕೈ ನಿಂತಿತು. ಮೇಷ್ಟ್ರು ಮರದ ಬುಡಕ್ಕೆ ಕುಸಿದು ಕೂತರು. ಹದಮಳೆ ಬಿದ್ದ ಸಂಜೆ ಏರಿ ಹತ್ತಿ ಬರುವುದು ಮೊಟ್ಟೆಯಿಡುವ ಹೆಣ್ಣು ಎಂದು ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟವರು ಅವರೇ.

'ತಿರುಗಿಸಿ ನೋಡಬೇಕಾಗಿತ್ತು' ಎಂದರು. 'ನೋಡಿದ್ರೆ ತರೋಕಾಗ್ತಿರಲಿಲ್ಲ. ಅದಕ್ಕೇ ನೋಡಲಿಲ್ಲ.'

ಆ ಮೊಟ್ಟೆಗಳನ್ನು ಅವರು ಅಂಗವಸ್ತ್ರದಲ್ಲೇ ಸುತ್ತಿಕೊಂಡು ಹೋಗಿ ಏರಿಯಲ್ಲಿ ಎಲ್ಲಿಯೋ ಹೂಳಿದರು. ಮರಿಯಾದವೋ, ಉಡದ ಪಾಲಾದವೋ ನನಗೆ ತಿಳಿಯದು. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಕಟ್ಟನ್ನು ಅಕ್ಕನಿಗೆ ಒಯ್ದು ಕೊಟ್ಟವಳು ನಾನು. ಮೆಣಸು, ಶುಂಠಿ, ಬೆಳ್ಳುಳ್ಳಿ ಎಷ್ಟು ಹಾಕಿದರೂ ಕೆಸರಿನ ವಾಸನೆ ಹೋಗಿರಲಿಲ್ಲ. ಹುಟ್ಟಿದಾಗಿನಿಂದ ಒಂದು ಮೊಟ್ಟೆಯನ್ನೂ ಮುಟ್ಟದ ಹೆಂಗಸು ಅವಳು. ಕೊರಳಿನ ಲಿಂಗವನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡು, ಬಲಗೈಯಲ್ಲಿ ಬಟ್ಟಲು ಎತ್ತಿ, ಒಂದು ತೊಟ್ಟೂ ಬಿಡದೆ ಕುಡಿದಳು. ಬಾಯಿ ಒರೆಸಿಕೊಂಡು, ತನ್ನ ಬಾಯಿ ವಾಸನೆ ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಅಕ್ಕ ಎಂದೆ. ಬರುತ್ತಿತ್ತು.

ಅವಳು ಬದುಕಿದಳು.

ಎರಡು ವಾರದೊಳಗೆ ಜ್ವರ ಇಳಿಯಿತು. ಆಷಾಢದ ಹೊತ್ತಿಗೆ ಎದ್ದು ಅಂಗಳ ಗುಡಿಸಿದಳು. ಎದೆಯ ಪಕ್ಕದಲ್ಲಿ ನೀರು ಕಟ್ಟಿಕೊಂಡಿದ್ದಿರಬೇಕು, ಅದು ತಾನಾಗಿಯೇ ಇಂಗಿದೆ, ಆ ಕಟ್ಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಮೇಷ್ಟ್ರು ಅದನ್ನು ನಂಬಿದರು. ನಂಬಿ ಇನ್ನೂ ಕುಗ್ಗಿದರು. ಆ ಕಟ್ಟಿನಿಂದ ಬದುಕಿದಳೆಂದಾಗಿದ್ದರೆ ಮನಸ್ಸಿಗೆ ಅಷ್ಟಾದರೂ ಆಧಾರವಿರುತ್ತಿತ್ತು.

ಆದರೆ ಆ ವೈದ್ಯ ಸುಮ್ಮನಿರುವವನಲ್ಲ. ಅಕ್ಕ ಎದ್ದು ಓಡಾಡಿದ್ದು ಕಂಡೇ ತನ್ನ ಮಾತು ನಡೆಯಿತೆಂದು ಊಹಿಸಿದ. ಪಾವಗಡದ ಮೇಷ್ಟ್ರ ಮನೆಯ ಕ್ಷಯವನ್ನು ಆಮೆಯಿಂದ ಓಡಿಸಿದೆ ಎಂದು ಊರೂರಲ್ಲಿ ಹೇಳಿಕೊಂಡು ಬಂದ. ಮೊದಲು ಮೇಷ್ಟ್ರ ಜಾತಿಯ ಹಿರಿಯರು ಬಂದು ಅವರ ಜಗಲಿಯ ಮೇಲೆ ಕೂತರು. ನಿಜವೇ ಎಂದು ಕೇಳಿದರು. ನಾನು ಗೋಡೆಯ ಈಚೆ ಕಾಳು ಕೇರುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು. ಮೇಷ್ಟ್ರು ಎದ್ದು ನಿಂತು ಹೇಳಿದರು: 'ನಿಜ. ತಂದವನು ನಾನು, ಕುಡಿದವನೂ ನಾನೇ. ನನಗೆ ಮೂಲವ್ಯಾಧಿ ಇತ್ತು. ಅವಳಿಗೆ ಇದೇನೂ ತಿಳಿಯದು.'

ನಂಬಿದರೋ ಇಲ್ಲವೋ, ಅವರೇ ಒಪ್ಪಿಕೊಂಡ ಮೇಲೆ ಹಿರಿಯರು ತಲೆ ತಗ್ಗಿಸಿಕೊಂಡು ಎದ್ದು ಹೋದರು. ಅಂದಿನಿಂದ ಮದುವೆ, ಗೃಹಪ್ರವೇಶ ಯಾವುದರಲ್ಲೂ ಮೇಷ್ಟ್ರಿಗೆ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ. ಅಕ್ಕನನ್ನು ಕರೆಯುತ್ತಿದ್ದರು, ಅವಳು ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಒಬ್ಬ ಹುಡುಗ ಎದ್ದು, ಆಮೆ ರುಚಿ ಹೇಗಿತ್ತು ಸಾರ್ ಎಂದು ಕೇಳಿದನಂತೆ. ಮೇಷ್ಟ್ರು ಹೊಡೆಯಲಿಲ್ಲವಂತೆ, ಬೈಯಲೂ ಇಲ್ಲವಂತೆ. ಕೇಳಬೇಕಾದ್ದೇ ಕೇಳಿದೆ, ಕೂತ್ಕೋ ಎಂದರಂತೆ.

ಅದನ್ನೆಲ್ಲ ಅವರು ಹೇಗೋ ತಡೆದುಕೊಂಡರು. ತಡೆಯಲಾಗದೆ ಹೋದದ್ದು ಕೆರೆಯ ಪಾಡು. ಮೇಷ್ಟ್ರಂಥವರೇ ಆಮೆ ಹಿಡಿದರೆಂದ ಮೇಲೆ ಯಾರಿಗೆ ಅಡ್ಡಿ? ಮಧುಗಿರಿಯಿಂದ, ಕೊರಟಗೆರೆಯಿಂದ ಗಾಡಿ ಕಟ್ಟಿಕೊಂಡು ಕೆಮ್ಮಿನವರ ಕಡೆಯವರು ಬಂದರು. ಅವರ ಮನೆಗಳಲ್ಲೂ ಸಾಯಲು ಇಷ್ಟವಿಲ್ಲದವರು ಇದ್ದರು, ಅವರನ್ನು ಏನೆನ್ನುವುದು? ಆಮೇಲೆ ಮೂಲವ್ಯಾಧಿಯವರು ಬಂದರು, ಆಮೇಲೆ ಸುಮ್ಮನೆ ರುಚಿಗೆಂದು ಬಂದರು. ಹೆಣ್ಣು ಏರಿ ಹತ್ತುವ ಕಾಲ, ಕೆಸರಿನಲ್ಲಿ ಮಲಗುವ ಜಾಗ, ಎಲ್ಲ ಈ ಊರಿನ ಹುಡುಗರಿಗೆ ಗೊತ್ತಿತ್ತು. ಮೇಷ್ಟ್ರು ಕಲಿಸಿದ್ದರಲ್ಲ. ಹುಡುಗರೇ ತೋರಿಸಿಕೊಟ್ಟರು.

ಒಂದು ದಿನ ಅವರು ಏರಿಯ ಮೇಲೆ ಹೋಗಿ ಅಡ್ಡ ನಿಂತರು. ನಮ್ಮ ಯಜಮಾನರು ಹತ್ತಿರದ ಹೊಲದಲ್ಲಿದ್ದವರು ಕಂಡು ಬಂದು ಹೇಳಿದ್ದು ಇದು. ಕೊರಟಗೆರೆ ಕಡೆಯ ರೈತನೊಬ್ಬ ಕೈಯಲ್ಲಿ ಆಮೆ ಹಿಡಿದುಕೊಂಡಿದ್ದ. ಬಿಡಪ್ಪ ಅದನ್ನು ಎಂದರಂತೆ ಮೇಷ್ಟ್ರು. ಅವನು ಜಗಳಕ್ಕೆ ಬರಲಿಲ್ಲ, ಬೇಡಿಕೊಳ್ಳುವವನ ಹಾಗೆ ಕೇಳಿದನಂತೆ: 'ನಿಮ್ ಮನೆಗಾದ್ರೆ ಆಯ್ತದೆ, ನನ್ ಮಗಳ್ಗೆ ಬ್ಯಾಡ್ವಾ ಬುದ್ಧಿ?' ಮೇಷ್ಟ್ರು ಪಕ್ಕಕ್ಕೆ ಸರಿದು ದಾರಿ ಬಿಟ್ಟರಂತೆ.

ಮುಂದಿನ ಎರಡು ಮೂರು ಬೇಸಗೆಯಲ್ಲಿ ಬಂಡೆ ಬರಿದಾಯಿತು. ನೀರಿಳಿದಾಗ ಸತ್ತ ಮೀನು ತಿನ್ನುವವರಿಲ್ಲದೆ ದಡದಲ್ಲಿ ಉಬ್ಬಿ ನಾರಿತು. ಕೋಟೆ ಬುಡದವರೆಗೂ ನಾತ ಬರುತ್ತಿತ್ತು. ಕಲ್ಲು ಕಲ್ಲಿಗೂ ಬಸವನಹುಳು ಅಂಟಿಕೊಂಡವು. ದನಗಳು ಮೂತಿಯಿಟ್ಟು ಮೂಸಿ, ಕುಡಿಯದೆ ಹಿಂದಕ್ಕೆ ತಿರುಗುತ್ತಿದ್ದವು. ಏನು ಕೇಡು ಬಂತೋ ಕೆರೆಗೆ ಎಂದು ಜನ ಮಾತಾಡಿಕೊಂಡರು. ಮೇಷ್ಟ್ರು ಬೇರೆ ದಾರಿಯಿಂದ ಮನೆಗೆ ಬರತೊಡಗಿದ್ದರು.

ಆ ಕಾಲದಲ್ಲೇ ಅಲೆಮಾರಿಗಳು ಮತ್ತೆ ಬಂದರು. ಕೆರೆಯಲ್ಲಿ ಅವರಿಗೆ ಏನೂ ಸಿಕ್ಕಲಿಲ್ಲ. ಮುದುಕಿ ಬೀದಿಯಲ್ಲಿ ಈಚಲು ಚಾಪೆ ಮಾರಿಕೊಂಡು ಬಂದಳು. ಮೇಷ್ಟ್ರ ಬಾಗಿಲ ಮುಂದೆ ನಿಂತು, ಅವರ ಗುರುತು ಹಿಡಿದು, 'ಅಮ್ಮಗಾರು ಬಾಗುನ್ನಾರಾ ಸಾಮಿ?' ಎಂದು ವಿಚಾರಿಸಿದಳು, ಅಮ್ಮ ಚೆನ್ನಾಗಿದ್ದಾರಾ ಎಂದು. ಮೇಷ್ಟ್ರು ಅವಳ ಜನರನ್ನು ಹುಡುಕಿಕೊಂಡು ಹೋಗಿದ್ದು ಯಾಕೆಂದು ಹೇಗೋ ಅವಳ ಕಿವಿಗೂ ಬಿದ್ದಿತ್ತು. ಅವಳ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ಬೀದಿಯವರೆಲ್ಲ ನೋಡುತ್ತಿದ್ದಂತೆ ಮೇಷ್ಟ್ರು ಮೆಟ್ಟಿಲಿಳಿದು ಬಂದು ಆ ಮುದುಕಿಗೆ ಕೈ ಮುಗಿದರು. ಅವಳು ಗಾಬರಿಯಾಗಿ ಚಾಪೆ ಸುತ್ತಿಕೊಂಡು ಹೊರಟುಹೋದಳು. ಮೇಷ್ಟ್ರು ತಲೆ ಕೆಟ್ಟವರಂತೆ ಆಡುತ್ತಾರೆ ಎಂದು ಬೀದಿಯವರು ಅಂದರು. ಆ ವರ್ಷವೇ ಅವರು ವರ್ಗ ಕೇಳಿಕೊಂಡು ಶಿರಾಕ್ಕೆ ಹೋದರು. ಅದು ಅಕ್ಕನ ತವರೂರು.

ಸಂತೆಯಲ್ಲಿ ಸುದ್ದಿ ಕೇಳಿದ ವಾರದಲ್ಲಿ ನಾನು ಯಜಮಾನರೊಂದಿಗೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಮಧುಗಿರಿಗೆ ಹೋಗಿ, ಅಲ್ಲಿಂದ ಶಿರಾಕ್ಕೆ ಹೋದೆ. ಅಕ್ಕ ಗಟ್ಟಿಯಾಗಿದ್ದಾಳೆ. ಕೂದಲು ಬೆಳ್ಳಗಾಗಿದೆ. ನನ್ನನ್ನು ಕಂಡು ಅಳಲಿಲ್ಲ. ಪಾವಗಡದಲ್ಲಿ ಜನ ಏನೆನ್ನುತ್ತಾರೆ ಎಂದು ಕೇಳಿದಳು. ನಾನು ಸುಮ್ಮನಾದದ್ದು ನೋಡಿ ಅವಳಿಗೆ ತಿಳಿಯಿತು.

'ಅವತ್ತು ಹಿರಿಯರು ಬಂದಾಗ ನಾನು ಒಳಗೆ ಬಾಗಿಲ ಹಿಂದೆಯೇ ನಿಂತಿದ್ದೆ ಕಣಮ್ಮ' ಎಂದಳು. 'ಹೊರಗೆ ಬಂದು ನಾನು ಕುಡ್ದೆ ಅನ್ನಬೋದಿತ್ತು. ಕಾಲೇ ಬರ್ಲಿಲ್ಲ. ಇವ್ರು ಸಾಯೋಗಂಟ ಅದನ್ನ ಹೊತ್ಕಂಡ್ರು. ನೀನು ಅಕ್ಷರ ಕಲ್ತಿದೀಯಲ್ಲ, ಬರಿ. ಕುಡಿದವಳು ನಾನೂಂತ ಬರಿ.'

ಬರೆಯುತ್ತೇನೆ ಎಂದೆ. ಆಮೇಲೆ ಅವಳೇ ಹೇಳಿದಳು. ಶಿರಾಕ್ಕೆ ಬಂದ ಮೇಲೆ ಅವರು ಕೆರೆ ಕಡೆ ಹೋಗಲೇ ಇಲ್ಲವಂತೆ. ಮದಲೂರು ಕೆರೆ ತುಂಬಿ ಕೋಡಿ ಬಿದ್ದ ವರ್ಷ ಶಿರಾದ ಜನವೆಲ್ಲ ನೋಡಲು ಹೋದರೂ ಇವರು ಮನೆಯಲ್ಲೇ ಕೂತಿದ್ದರಂತೆ. ಆ ದಿನ ಇವಳು ತಡೆಯಲಾರದೆ ಕೇಳಿದಳಂತೆ, ನಾನು ಬದುಕಿಕೊಂಡೆನಲ್ಲ, ಅದಕ್ಕೆ ನಿಮಗೆ ನಾಚಿಕೆಯೇ ಎಂದು.

'ಏನಂದ್ರು ಅಕ್ಕ?' ಎಂದೆ.

'ನನ್ ಮುಖ ನೋಡಿದ್ರು. ಆಮೇಲೆ ಅಂದ್ರು, ನೀನು ಬದುಕಿದ್ದಕ್ಕಲ್ಲ ಕಣೇ. ನಾಳೆ ನಿಂಗೆ ಮತ್ತೆ ಹಂಗೇ ಆದ್ರೆ ನಾನು ಮತ್ತೆ ಕೆರೆಗೆ ಹೋಗ್ತೀನಲ್ಲ, ಅದಕ್ಕೆ, ಅಂದ್ರು.'

ಅಷ್ಟು ಹೇಳಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬಿಸಿಲಲ್ಲಿ ಬಂದಿದ್ದೀರಿ ಎನ್ನುತ್ತ ನಮಗೆ ಮಜ್ಜಿಗೆ ತರಲು ಒಳಗೆ ಹೋದಳು.